ಮೇಷ್ಟ್ರ ಹೆಸರಿನಲ್ಲಿ ನನ್ನ ರಕ್ತ

ಆ ರಕ್ತ ಮುನಿಯಪ್ಪ ಮೇಷ್ಟ್ರದ್ದಲ್ಲ — ನನ್ನದು. ಶೀಶೆಯ ಮೇಲೆ ಅವರ ಹೆಸರು ಬರೆದಿತ್ತು, ಒಳಗಿದ್ದವನು ನಾನು. ಅದನ್ನು ನೋಡಿ ಡಾಕ್ಟರು ಅವರ ಕಿಡ್ನಿ ಸೋತಿದೆ, ಅದರ ಜೊತೆಗೆ ಹೃದಯವೂ ಸೋಲುತ್ತಿದೆ ಎಂದರು. ಮೇಷ್ಟ್ರು ಉಪ್ಪು ಬಿಟ್ಟರು, ಮಾಂಸ ಬಿಟ್ಟರು, ಕೊನೆಗೆ ಜೀವಮಾನವಿಡೀ ಊದಿದ ಟ್ರಂಪೆಟ್ಟನ್ನೇ ಬಿಟ್ಟರು. ಅವರಿಗೆ ಏನೂ ಆಗಿರಲಿಲ್ಲ. ಆಗಿದ್ದದ್ದು ನನಗೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ.

ಇದನ್ನು ಓದುವವರಿಗೆ ನಗು ಬರಬಹುದು. ಬರಲಿ. ನನಗೂ ಎಷ್ಟೋ ಸಲ ಬಂದಿದೆ — ಬಸ್ಸಿನಲ್ಲಿ ಒಬ್ಬನೇ ನಕ್ಕು ಪಕ್ಕದವರಿಂದ ಬೈಸಿಕೊಂಡಿದ್ದೇನೆ. ಆದರೆ ನಗು ಮುಗಿದ ಮೇಲೆ ಮೇಷ್ಟ್ರ ಮಗಳು ಶೈಲಾಳ ಮದುವೆ ನೆನಪಾಗುತ್ತದೆ.

ನಾನು ವೀರೇಶ, ಹರಿಹರದ ಕಡೆಯವನು. ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮುಗಿಸಿ ಹಲಸೂರಿನ ಒಂದು ಸಣ್ಣ ಕ್ಲಿನಿಕ್ಕಿಗೆ ಸೇರಿದ್ದೆ. ಮುಂದೆ ಡಾಕ್ಟರು, ನಡುವೆ ಒಂದು ಹಸಿರು ಪರದೆ, ಪರದೆಯ ಹಿಂದೆ ಲ್ಯಾಬು, ಲ್ಯಾಬಿನಲ್ಲಿ ನಾನೊಬ್ಬನೇ. ಡಾಕ್ಟರ ಹೆಸರು ವರದರಾಜು ಎಂದಿಟ್ಟುಕೊಳ್ಳಿ. ನಿಜವಾದ ಹೆಸರು ಹೇಳಿ ಆ ಪುಣ್ಯಾತ್ಮರಿಗೆ ಇನ್ನಷ್ಟು ಮುಜುಗರ ಮಾಡುವುದು ಬೇಡ. ಒಳ್ಳೆಯ ಡಾಕ್ಟರು. ಆದರೆ ಆಗಷ್ಟೇ ಅವರಿಗೆ ಒಂದು ಹೊಸ ಹುಚ್ಚು ಹತ್ತಿತ್ತು — ಹೃದಯ ಮತ್ತು ಕಿಡ್ನಿಯ ಸಂಬಂಧ.

"ಹೃದಯ ಪಂಪು, ಕಿಡ್ನಿ ಜರಡಿ. ಗಂಡ ಹೆಂಡ್ತಿ ಇದ್ದಂಗೆ ಕಣಯ್ಯಾ. ಒಬ್ರಿಗೆ ಹುಷಾರಿಲ್ಲ ಅಂದ್ರೆ ಇನ್ನೊಬ್ರನ್ನೂ ಮಲಗಿಸಿಬಿಡ್ತಾರೆ" ಎಂದು ಬಂದ ರೋಗಿಗಳಿಗೆಲ್ಲ ಹೇಳುತ್ತಿದ್ದರು. ಯಾರಾದರೂ ಉಸಿರು ಕಟ್ಟುತ್ತದೆ ಎಂದರೆ ಸಾಕು, ಎರಡು ಪರೀಕ್ಷೆ ಬರೆಯುವರು. ಒಂದು ಕ್ರಿಯಾಟಿನಿನ್ — ಜರಡಿ ಸರಿಯಾಗಿ ಸೋಸದಿದ್ದರೆ ರಕ್ತದಲ್ಲಿ ಉಳಿದುಬಿಡುವ ಕಸ. ಅದನ್ನು ನಾನೇ ಮಾಡುತ್ತಿದ್ದೆ. ಇನ್ನೊಂದು ಆಗ ಹೊಸದು — ಹೃದಯಕ್ಕೆ ಭಾರವಾದಾಗ ಅದು ರಕ್ತಕ್ಕೆ ಬಿಡುವ ಒಂದು ಪ್ರೋಟೀನು. ಅದನ್ನು ಹೊರಗಿನ ದೊಡ್ಡ ಲ್ಯಾಬಿಗೆ ಕಳಿಸುತ್ತಿದ್ದೆವು. ಕಿಡ್ನಿ ಕೆಟ್ಟರೆ ಈ ಎರಡನೆಯದೂ ಏರಿ ಕೂರುತ್ತದೆ. ಎರಡೂ ಒಟ್ಟಿಗೆ ಏರಿದರೆ ವರದರಾಜು ಡಾಕ್ಟರಿಗೆ ಹಬ್ಬ.

ಮೇಷ್ಟ್ರು ಎಂದರೆ ಶಾಲೆ ಮೇಷ್ಟ್ರಲ್ಲ, ಬ್ಯಾಂಡ್ ಮೇಷ್ಟ್ರು. ಶಿವಾಜಿನಗರದ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅವರ ಬ್ಯಾಂಡ್ ಸೆಟ್ಟಿನ ಅಂಗಡಿ. ಕಂಟೋನ್ಮೆಂಟಿನಲ್ಲಿ ಯಾರದೇ ಮದುವೆಯಾಗಲಿ, ಚರ್ಚಿನ ಮೆರವಣಿಗೆಯಾಗಲಿ, ದೊಡ್ಡವರ ಸಾವಾಗಲಿ — ಕೆಂಪು ಕೋಟು, ಜರಿ ಪಟ್ಟಿ, ಮುಂದೆ ಮುನಿಯಪ್ಪ ಮೇಷ್ಟ್ರು, ಅವರ ಬಾಯಲ್ಲಿ ಟ್ರಂಪೆಟ್ಟು. ಮನೆ ಕೆ.ಆರ್. ಪುರದ ಹಳೇ ಬೀದಿಯಲ್ಲಿ. ಒಬ್ಬಳೇ ಮಗಳು ಶೈಲಾ. ಅವಳಿಗೆ ಗಂಡು ಗೊತ್ತಾಗಿತ್ತು, ಲಗ್ನ ಮರುವರ್ಷಕ್ಕೆ. ಮೇಷ್ಟ್ರಿಗೆ ಇದ್ದದ್ದು ಒಂದೇ ಆಸೆ. "ಊರವರ ಹೆಣ್ಮಕ್ಕಳನ್ನೆಲ್ಲಾ ಊದಿ ಊದಿ ಕಳಿಸಿದೀನಿ. ನನ್ನ ಮಗಳನ್ನ ನಾನೇ ಊದಿ ಕಳಿಸ್ಬೇಕು" ಎಂದು ಎದುರಿಗೆ ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಅದಕ್ಕಾಗಿ ಹೊಸ ಕೋಟು ಕೂಡ ಹೊಲಿಸಿಯಾಗಿತ್ತು.

ಅಷ್ಟರಲ್ಲಿ ಯಾವುದೋ ಮೆರವಣಿಗೆಯಲ್ಲಿ ಉಸಿರು ಸಿಕ್ಕಿಕೊಂಡು ಒಂದು ಸ್ವರ ತಪ್ಪಿದರು. ಊದಿಕೊಂಡೇ ಏರು ಹತ್ತಿದರೆ ಯಾರಿಗಾದರೂ ಸಿಕ್ಕಿಕೊಳ್ಳುತ್ತದೆ. ಆದರೆ ಹೆಂಡತಿ ಜಯಮ್ಮ ಹೆದರಿ ಅವರನ್ನು ನಮ್ಮ ಕ್ಲಿನಿಕ್ಕಿಗೆ ಎಳೆದುಕೊಂಡು ಬಂದರು. ಡಾಕ್ಟರು ಎರಡು ಪರೀಕ್ಷೆ ಬರೆದರು. ಮೇಷ್ಟ್ರು ಸೂಜಿಯ ಹೆಸರು ಕೇಳಿದ್ದೇ ತಡ, ಬಾತ್‌ರೂಮಿಗೆ ಹೋಗಿ ಬರುತ್ತೇನೆಂದು ಹೊರಟವರು ನೇರ ಬಸ್ ಹತ್ತಿ ಮನೆ ಸೇರಿಬಿಟ್ಟರು. ಹಾಗಾಗಿ ಮರುದಿನ ಬೆಳಗ್ಗೆ ಅವರ ಮನೆಗೇ ಹೋಗುವ ಕೆಲಸ ನನ್ನ ತಲೆಗೆ ಬಂತು.

ಅಷ್ಟು ದೊಡ್ಡ ಆಳು ಅಷ್ಟು ಹೆದರುವುದನ್ನು ನಾನು ನೋಡಿರಲಿಲ್ಲ. ಜಯಮ್ಮ ಅವರ ತಲೆಯನ್ನು ಸೆರಗಿನಲ್ಲಿ ಮುಚ್ಚಿ ಹಿಡಿದುಕೊಂಡರು, ಶೈಲಾ ಕೈ ಹಿಡಿದಳು. ಸೂಜಿ ಹತ್ತಿರ ಬಂದ ಕೂಡಲೇ ಅವರ ನರ ಒಳಗೆ ಹೋಗಿ ಅಡಗಿಕೊಳ್ಳುತ್ತಿತ್ತು. ಚುಚ್ಚಿದೆ, ಸಿಗಲಿಲ್ಲ, ಮತ್ತೆ ಚುಚ್ಚಿದೆ. ಟ್ರಂಪೆಟ್ ಊದುವ ಎದೆಯಿಂದ ಬಂದ ಕೂಗು ಹೇಗಿರುತ್ತದೆ ಎಂದು ಆ ಬೀದಿಗೆ ಆವತ್ತು ಗೊತ್ತಾಯಿತು. ಕೊನೆಗೆ ಹೇಗೋ ಶೀಶೆ ತುಂಬಿತು.

"ಒಂದೇ ಸಲ ಕೊಡೋದು ನಾನು" ಎಂದರು ಮೇಷ್ಟ್ರು, ಕಣ್ಣೊರೆಸಿಕೊಂಡು. "ಇನ್ನೊಂದ್ಸಲ ಅಂತ ಬಂದ್ರೆ ಗೇಟ್ ಒಳಗೆ ಕಾಲಿಡಂಗಿಲ್ಲ. ಹೇಳಿದೀನಿ."

ಜಯಮ್ಮನಿಗೆ ನನ್ನ ಮೇಲೆ ಪಾಪ ಅನ್ನಿಸಿರಬೇಕು. ಬಿಸಿ ಚಿತ್ರಾನ್ನವನ್ನು ಡಬ್ಬಿಗೆ ತುಂಬಿ, "ದಾರೀಲಿ ತಿನ್ಕೊಳಪ್ಪಾ" ಎಂದು ಕೊಟ್ಟರು. ಇಲ್ಲಿ ನಾನು ಮೊದಲನೆಯ ತಪ್ಪು ಮಾಡಿದೆ. ರಕ್ತ ಒಯ್ಯುವ ಐಸ್ ಪೆಟ್ಟಿಗೆಯಲ್ಲಿ ಡಬ್ಬಿಯನ್ನೂ ಶೀಶೆಯನ್ನೂ ಒಟ್ಟಿಗೆ ಇಡಲು ಜಾಗವಿರಲಿಲ್ಲ. ಚಿತ್ರಾನ್ನವನ್ನು ಪೆಟ್ಟಿಗೆಯಲ್ಲಿಟ್ಟೆ. ರಕ್ತವನ್ನು ಅಂಗಿಯ ಜೇಬಿನಲ್ಲಿಟ್ಟೆ.

ಟಿನ್ ಫ್ಯಾಕ್ಟರಿಯಲ್ಲಿ ಬಸ್ ಬದಲಾಯಿಸಬೇಕು. ತೂಗುಸೇತುವೆ ಆಗ ಹೊಸದು, ಆದರೆ ಅದರ ಕೆಳಗಿನ ನೂಕುನುಗ್ಗಲು ಹಳೆಯದೇ. ಬಾಗಿಲಿಗೆ ಜೋತುಬಿದ್ದು ಹತ್ತುವಾಗ ಯಾರದೋ ಮೊಣಕೈ ನನ್ನ ಎದೆಗೆ ಬಡಿಯಿತು. ಜೇಬಿನಲ್ಲಿ ಪಟ್ ಎಂದಿತು. ನೋಡಿಕೊಳ್ಳುವಷ್ಟರಲ್ಲಿ ಬಿಳಿ ಅಂಗಿ ಎದೆಯಿಂದ ಹೊಟ್ಟೆಯವರೆಗೆ ಕೆಂಪಾಗಿತ್ತು.

"ಅಯ್ಯಯ್ಯೋ, ರತ್ತಂ!" ಎಂದು ಒಬ್ಬ ತಮಿಳಮ್ಮ ಕಿರುಚಿದರು. ಬಸ್ಸು ನಿಂತಿತು. ಕಂಡಕ್ಟರು ನನ್ನನ್ನು ಕೆಳಗಿಳಿಸಿ, "ಯಾರ್ ಗುರು ಚುಚ್ಚಿದ್ದು? ಯಾವ ಕಡೆ ಓಡ್ದ?" ಎಂದರು.

"ಯಾರೂ ಚುಚ್ಚಿಲ್ಲ ಸಾರ್. ಇದು ನನ್ನ ರಕ್ತ ಅಲ್ಲ" ಎಂದೆ.

ಸುತ್ತಲಿದ್ದ ಜನ ಒಂದು ಹೆಜ್ಜೆ ಹಿಂದಕ್ಕೆ ಸರಿದರು.

"ಮತ್ತೆ ಯಾರ್ದು?"

"ಕೆ.ಆರ್. ಪುರದ ಒಬ್ರು ಮೇಷ್ಟ್ರದ್ದು. ನಾನೇ ಚುಚ್ಚಿದ್ದು, ಈಗ ಬೆಳಿಗ್ಗೆ ಅವರ ಮನೇಲಿ —"

ಇಷ್ಟು ಹೇಳಿದ ಮೇಲೆ ಪರಿಸ್ಥಿತಿ ಇನ್ನೂ ಕೆಟ್ಟಿತು. ಒಬ್ಬ ನನ್ನ ಕಾಲರ್ ಹಿಡಿದ, ಇನ್ನೊಬ್ಬ ಪೆಟ್ಟಿಗೆ ಕಸಿದುಕೊಂಡ. ಬಾಳೆಹಣ್ಣಿನ ಗಾಡಿಯ ಸಾಬರು ಅದನ್ನು ತೆರೆದು, "ಅರೆ, ಚಿತ್ರಾನ್ನ ಹೈ ಇಸ್ಮೇ!" ಎಂದಾಗ ಜನಕ್ಕೆ ನಾನು ಕೊಲೆಗಾರನೋ ಹುಚ್ಚನೋ ಎಂಬುದು ತೀರ್ಮಾನವಾಗಲಿಲ್ಲ. ಬ್ಯಾಗಿನಲ್ಲಿದ್ದ ಸಿರಿಂಜು, ಹತ್ತಿ, ಕ್ಲಿನಿಕ್ಕಿನ ಗುರುತುಚೀಟಿ ತೋರಿಸಿ ತಪ್ಪಿಸಿಕೊಳ್ಳುವಷ್ಟರಲ್ಲಿ ಸಾಕುಸಾಕಾಯಿತು. ಕೊನೆಗೆ ಆ ಸಾಬರೇ ಸೋಡ ಕುಡಿಸಿ, ಒಂದು ಗೋಣಿಚೀಲ ಹೊದಿಸಿ ಆಟೋ ಹತ್ತಿಸಿದರು.

ತಿರುಗಿ ಮೇಷ್ಟ್ರ ಮನೆಗೆ ಹೋಗಬೇಕಿತ್ತು. ಗೇಟು ನೆನಪಾಯಿತು. ಆ ಕೂಗು ನೆನಪಾಯಿತು. ಶೀಶೆ ಒಡೆದ ವಿಷಯ ಡಾಕ್ಟರಿಗೆ ಹೇಳುವುದನ್ನೂ ಯೋಚಿಸಿದೆ — ಸೇರಿ ಇನ್ನೂ ಕೆಲವೇ ತಿಂಗಳಾಗಿತ್ತು, ಐಸ್ ಪೆಟ್ಟಿಗೆಯಲ್ಲಿ ಏನಿತ್ತು ಎಂದು ಅವರು ಕೇಳಿಯೇ ಕೇಳುತ್ತಾರೆ. ಹೀಗೆ ಯೋಚಿಸುತ್ತಲೇ ಲ್ಯಾಬಿನ ಬಚ್ಚಲಿನ ಬಾಗಿಲು ಹಾಕಿಕೊಂಡೆ. ರಬ್ಬರ್ ಪಟ್ಟಿಯ ಒಂದು ತುದಿ ಹಲ್ಲಿನಲ್ಲಿ ಹಿಡಿದು ಎಡತೋಳಿಗೆ ಬಿಗಿದೆ. ನನ್ನ ನರ ಬಲು ಸಾಧು, ಕರೆದ ಕೂಡಲೇ ಬರುತ್ತದೆ. ಆಗ ಮನಸ್ಸಿನಲ್ಲಿ ಇದ್ದದ್ದು ಇಷ್ಟೇ — ನಾನು ಹುಡುಗ, ಗಟ್ಟಿಮುಟ್ಟಾಗಿದ್ದೇನೆ, ಎಲ್ಲ ನಾರ್ಮಲ್ ಬರುತ್ತದೆ. ಮೇಷ್ಟ್ರಿಗೂ ಖುಷಿ, ಡಾಕ್ಟರಿಗೂ ಖುಷಿ. ಯಾರಿಗೂ ನಷ್ಟವಿಲ್ಲ.

ಮೇಷ್ಟ್ರಿಗೆ ನಿಜವಾಗಿ ಕಾಯಿಲೆ ಇದ್ದಿದ್ದರೆ ಏನು ಗತಿ ಎಂಬ ಯೋಚನೆ ಆಗ ನನಗೆ ಬರಲೇ ಇಲ್ಲ.

ಕ್ರಿಯಾಟಿನಿನ್ ಏರಿತ್ತು. ಮೆಷಿನ್ನಿಗೆ ಹುಚ್ಚು ಹಿಡಿದಿದೆ ಎಂದುಕೊಂಡು ಮತ್ತೆ ಹಾಕಿದೆ; ಅಷ್ಟೇ ಬಂತು. ಕೆಲವು ದಿನಕ್ಕೆ ದೊಡ್ಡ ಲ್ಯಾಬಿನಿಂದ ಹೃದಯದ ಪ್ರೋಟೀನಿನ ರಿಪೋರ್ಟೂ ಬಂತು. ಅದೂ ಏರಿತ್ತು. ಡಾಕ್ಟರು ಎರಡನ್ನೂ ಹಿಡಿದುಕೊಂಡು ಪರದೆ ಸರಿಸಿ ಒಳಗೆ ಬಂದರು. ಮುಖದಲ್ಲಿ ಆ ಹಬ್ಬದ ಕಳೆ.

"ಎರಡೂ ಒಟ್ಟಿಗೆ! ನಾನು ಹೇಳಿರ್ಲಿಲ್ವಾ? ಯಾರದ್ದಯ್ಯಾ ಇದು?"

ಆಗ ಹೇಳಬಹುದಿತ್ತು. ಅವರೇ ಕೇಳಿದ್ದರು, ಅದೂ ನೇರವಾಗಿ.

"ಮುನಿಯಪ್ಪ ಮೇಷ್ಟ್ರದ್ದು ಸಾರ್" ಎಂದೆ.

ಮೇಷ್ಟ್ರನ್ನು ಕರೆಸಿದರು. ಇಸಿಜಿ ತೆಗೆದರು, ಅದು ಸರಿಯಾಗಿಯೇ ಬಂತು. ಅದರಿಂದ ಡಾಕ್ಟರಿಗೆ ಸ್ವಲ್ಪವೂ ಅನುಮಾನ ಹುಟ್ಟಲಿಲ್ಲ. "ಮೆಷಿನ್ನು ಏಮಾರಿಸುತ್ತೆ ಮುನಿಯಪ್ಪ, ರಕ್ತ ಏಮಾರಿಸಲ್ಲ" ಎಂದರು. ಪಾದ ಒತ್ತಿ ನೋಡಿದರು. ಮೆರವಣಿಗೆಗಳಲ್ಲಿ ನಡೆದು ನಡೆದು ಊದಿದ್ದ ಪಾದ, ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ದೊಡ್ಡಾಸ್ಪತ್ರೆಗೆ ಹೋಗಿ ಸ್ಕ್ಯಾನಿಂಗ್ ಮಾಡಿಸಿ ಎಂದರು. ಅಲ್ಲಿ ಇನ್ನೂ ದೊಡ್ಡ ಸೂಜಿ ಇರುತ್ತದೆ ಎಂದು ಮೇಷ್ಟ್ರು ಒಪ್ಪಲಿಲ್ಲ. ಉಪ್ಪು ಬೇಡ, ಮಾಂಸ ಬೇಡ, ದಿನಾ ಗುಳಿಗೆ, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಎಂದರು ಡಾಕ್ಟರು. ಆಮೇಲೆ, "ಊದೋದು ನಿಲ್ಲಿಸ್ಬೇಕು" ಎಂದರು.

ಮೇಷ್ಟ್ರು ಕೇಳಿದರು, "ಮೆತ್ತಗೆ ಊದಿದ್ರೆ ಸ್ವಾಮಿ?"

"ಟ್ರಂಪೆಟ್ ಮೆತ್ತಗೆ ಊದೋಕಾಗುತ್ತಾ?"

ಮೇಷ್ಟ್ರು ಸುಳ್ಳು ಹೇಳಲಾರದ ಮನುಷ್ಯ. "ಆಗಲ್ಲ ಸ್ವಾಮಿ" ಎಂದರು. ನಾನು ಪರದೆಯ ಹಿಂದೆ ಶೀಶೆ ತೊಳೆಯುತ್ತಿದ್ದೆ. ಆವತ್ತು ಸಂಜೆಯೇ ಜಯಮ್ಮ ಟ್ರಂಪೆಟ್ಟನ್ನು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರಂತೆ.

ಇನ್ನು ನನ್ನ ವಿಷಯ. ಅಮ್ಮ ಹೇಳುತ್ತಿದ್ದದ್ದು ನೆನಪಾಯಿತು — ಚಿಕ್ಕವನಿದ್ದಾಗ ನನ್ನ ಮುಖ ಊದಿಕೊಂಡು ಕಣ್ಣೇ ಕಾಣುತ್ತಿರಲಿಲ್ಲವಂತೆ, ಮೂತ್ರ ಕೆಂಪಗೆ ಹೋಗುತ್ತಿತ್ತಂತೆ. ಹರಕೆ ಹೊತ್ತರು, ಊತ ಇಳಿಯಿತು, ಹರಕೆ ತೀರಿಸಿದರು, ಎಲ್ಲರೂ ಮರೆತರು. ಕಿಡ್ನಿ ಮಾತ್ರ ಮರೆತಿರಲಿಲ್ಲ. ಡಾಕ್ಟರ ಬಳಿ ಹೋಗಿ ತೋಳು ಚಾಚಬೇಕಿತ್ತು. ಕೆಲಸ ಹೋಗುತ್ತದೆ ಎಂಬ ಭಯ ಇತ್ತು, ನಿಜ. ಆದರೆ ಅದೊಂದೇ ಅಲ್ಲ — ರಕ್ತ ನನ್ನದೆಂದು ಒಪ್ಪಿಕೊಂಡರೆ ರೋಗವೂ ನನ್ನದಾಗುತ್ತದೆ. ಅದು ಮೇಷ್ಟ್ರ ಹೆಸರಿನಲ್ಲಿರುವ ತನಕ ನಾನು ಆರೋಗ್ಯವಂತ. ಹೀಗೂ ಯೋಚಿಸುತ್ತದೆ ಮನುಷ್ಯನ ತಲೆ... ನನ್ನ ತಲೆಯಂತೂ ಯೋಚಿಸಿತು.

ಮರುತಿಂಗಳು ಮೇಷ್ಟ್ರೇ ಗೇಟು ತೆರೆದು ನಿಂತಿದ್ದರು. ಸಾವಿನ ಭಯ ಸೂಜಿಯ ಭಯವನ್ನು ಗೆದ್ದಿತ್ತು. ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಒಂದು ಮಾತೂ ಆಡದೆ ತೋಳು ಕೊಟ್ಟರು. ಈ ಸಲ ರಕ್ತ ಐಸ್ ಪೆಟ್ಟಿಗೆಯಲ್ಲಿ ಸುರಕ್ಷಿತವಾಗಿ ಲ್ಯಾಬಿಗೆ ಬಂತು. ಬಂದದ್ದನ್ನು ನಾನು — ಇಲ್ಲಿಯೇ ಹೇಳಿಬಿಡುತ್ತೇನೆ — ಸಿಂಕಿಗೆ ಸುರಿದೆ. ಬಚ್ಚಲಿಗೆ ಹೋಗಿ ನನ್ನದನ್ನು ತೆಗೆದು ಅವರ ಹೆಸರು ಅಂಟಿಸಿದೆ.

ಮೊದಲ ಸಲದ್ದು ಹೆದರಿಕೆಯಿಂದ ಆದದ್ದು. ಈ ಸಲ ನಾನು ಲೆಕ್ಕ ಹಾಕಿದ್ದೆ. ನನ್ನ ಕಿಡ್ನಿ ಹೇಗಿದೆ ಎಂದು ನನಗೆ ತಿಳಿಯಬೇಕಿತ್ತು, ಅದಕ್ಕೆ ಏನು ಮಾಡಬೇಕೆಂದು ಡಾಕ್ಟರು ಹೇಳಬೇಕಿತ್ತು, ಅದು ನನ್ನ ಕಿಡ್ನಿ ಎಂದು ಮಾತ್ರ ಯಾರಿಗೂ ಗೊತ್ತಾಗಬಾರದಿತ್ತು. ಮೇಷ್ಟ್ರಿಗೆ ಬರೆದ ಗುಳಿಗೆಗಳನ್ನೇ ನಾನೂ ತಂದು ನುಂಗತೊಡಗಿದೆ. ಡಾಕ್ಟರು ನನ್ನ ರಕ್ತ ನೋಡಿ ಗುಳಿಗೆ ಹೆಚ್ಚು ಕಡಿಮೆ ಮಾಡುತ್ತಿದ್ದರು. ಹಾಗೆ ನೋಡಿದರೆ ಅವರ ಚಿಕಿತ್ಸೆ ಬಹಳ ಸರಿಯಾಗಿತ್ತು, ನುಂಗುವ ಬಾಯಿ ಮಾತ್ರ ಒಂದು ಹೆಚ್ಚಾಗಿತ್ತು.

ಡಾಕ್ಟರು ಮೇಷ್ಟ್ರಿಗೆ ಹೇಳಿದ್ದನ್ನೆಲ್ಲ ನಾನು ಅವರ ಮನೆಗೆ ಹೋಗಿ ಕೆದಕಿ ಕೆದಕಿ ಕೇಳುತ್ತಿದ್ದೆ. ತೊಗರಿಬೇಳೆ ಎಷ್ಟು ತಿನ್ನಬಹುದಂತೆ? ಬಾಳೆಹಣ್ಣು ಆಗುತ್ತದಂತಾ? ಮೇಷ್ಟ್ರಿಗೆ ಕಣ್ಣು ತುಂಬಿ ಬರುತ್ತಿತ್ತು. "ನನ್ನ ಸ್ವಂತ ತಮ್ಮನೂ ಇಷ್ಟು ವಿಚಾರಿಸಲ್ಲ ಕಣೋ ವೀರೇಶ" ಎನ್ನುತ್ತಿದ್ದರು. ಜಯಮ್ಮ ಉಪ್ಪಿಲ್ಲದ ಉಪ್ಪಿಟ್ಟು ಮಾಡುತ್ತಿದ್ದರು. "ನೀನು ಇದನ್ನ ತಿನ್ಬೇಡಪ್ಪಾ, ನಿಂಗೆ ಬೇರೆ ಮಾಡ್ತೀನಿ" ಎಂದರೆ, "ಬೇಡಮ್ಮಾ, ಮೇಷ್ಟ್ರು ತಿನ್ನೋದನ್ನೇ ತಿಂತೀನಿ" ಎನ್ನುತ್ತಿದ್ದೆ. ಆ ಮನೆಯಲ್ಲಿ ಅದು ದೊಡ್ಡ ತ್ಯಾಗವೆಂದು ಹೆಸರಾಯಿತು. ನನಗದು ಬರೀ ಪಥ್ಯ.

ಮೇಷ್ಟ್ರು ಅರ್ಧಂಬರ್ಧ ಮಾಡುವವರಲ್ಲ. ಟ್ರಂಪೆಟ್ಟಿಗೆ ಹಾಕುತ್ತಿದ್ದ ಉಸಿರನ್ನೆಲ್ಲ ಉಪ್ಪಿನ ವಿರುದ್ಧ ಹಾಕಿದರು. ಟಿನ್ ಫ್ಯಾಕ್ಟರಿಯ ಬೋಂಡಾ ಗಾಡಿಯ ಮುಂದೆ ನಿಂತು ಗಿರಾಕಿಗಳಿಗೆ ಭಾಷಣ ಮಾಡಿದರು, ಗಾಡಿಯವನು ಕೈ ಮುಗಿದು, "ಮೇಷ್ಟ್ರೇ, ನಿಮ್ಮ ಕಿಡ್ನಿಗೆ ನನ್ನ ಹೊಟ್ಟೆ ಮೇಲೆ ಯಾಕೆ ಸಿಟ್ಟು?" ಎಂದನಂತೆ. ಬ್ಯಾಂಡಿನ ಹುಡುಗರು ಹಪ್ಪಳ ತಿನ್ನಲು ಅಂಗಡಿಯ ಹಿಂಬದಿಗೆ ಹೋಗತೊಡಗಿದರು. ಬೀದಿಯಲ್ಲಿ ಇನ್ನೂ ಕೆಲವರು ಇವರ ಮಾತು ಕೇಳಿ ಉಪ್ಪು ಬಿಟ್ಟರು. ನನ್ನ ಒಂದು ಶೀಶೆ ರಕ್ತದಿಂದ ಅರ್ಧ ಬೀದಿಯ ಸಾರು ಸಪ್ಪೆಯಾಯಿತು.

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ರೋಗವಿಲ್ಲದ ಮೈಗೆ ಗುಳಿಗೆ ಸುಮ್ಮನೆ ಹೋಗುತ್ತದೆಯೇ? ಮೇಷ್ಟ್ರಿಗೆ ಎದ್ದರೆ ತಲೆ ತಿರುಗುತ್ತಿತ್ತು. ಗೋಡೆ ಹಿಡಿದು ನಡೆಯುತ್ತಿದ್ದರು. ಒಂದು ಬೆಳಗ್ಗೆ ನಾನು ಹೋಗುವ ಹೊತ್ತಿಗೆ ನೀರಿನ ತೊಟ್ಟಿಯ ಪಕ್ಕ ಬಿದ್ದು ಮೊಣಕೈ ತರಚಿಕೊಂಡಿದ್ದರು. "ಕಾಯಿಲೆ ಜೋರಾಗ್ತಿದೆ ಅನ್ಸುತ್ತೆ ಕಣಯ್ಯಾ" ಎಂದರು. ನಾನು ಗಾಯ ಒರೆಸಿ ಔಷಧಿ ಹಚ್ಚಿದೆ. ಅವರು ನನ್ನ ಬೆನ್ನು ತಟ್ಟಿ ಸಮಾಧಾನ ಮಾಡಿದರು — ಅವರು, ನನಗೆ.

ಮದುವೆಗೆ ಇನ್ನು ಕೆಲವೇ ವಾರಗಳಿದ್ದಾಗ ಶೈಲಾ ಗೇಟಿನ ಹತ್ತಿರ ನನ್ನನ್ನು ತಡೆದಳು.

"ಅಣ್ಣಾ, ಅಪ್ಪ ಒಂದೇ ಒಂದು ಹಾಡು ಊದಬಹುದಾ ಅಂತ ಡಾಕ್ಟ್ರನ್ನ ಕೇಳ್ತೀರಾ? ಛತ್ರದ ಬಾಗಿಲಿಂದ ಸ್ಟೇಜ್ ತನಕ ಸಾಕು. ಹೊಸ ಕೋಟು ದಿನಾ ತೆಗೆದು ನೋಡಿ ಒಳಗಿಡ್ತಾರೆ. ನೋಡಕ್ಕಾಗಲ್ಲ ಅಣ್ಣಾ."

ಆ ತಿಂಗಳು ನಾನು ಸಿಂಕಿಗೆ ಏನೂ ಸುರಿಯಲಿಲ್ಲ. ಮೇಷ್ಟ್ರ ರಕ್ತವನ್ನೇ ಪರೀಕ್ಷೆಗೆ ಹಾಕಿದೆ. ಹಸುಳೆಯ ರಕ್ತದ ಹಾಗೆ ಬಂತು — ಜರಡಿಯೂ ಸರಿ, ಪಂಪೂ ಸರಿ. ರಿಪೋರ್ಟು ಹಿಡಿದು ಹಾರಿಕೊಂಡೇ ಡಾಕ್ಟರ ಮೇಜಿಗೆ ಹೋದೆ. ಅವರು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು.

"ಒಂದೇ ತಿಂಗಳಲ್ಲಿ ಹಿಂಗಾಗಕ್ಕೆ ಸಾಧ್ಯಾನೇ ಇಲ್ಲ. ಇದು ಯಾರೋ ಹುಷಾರಾಗಿರೋರ ರಕ್ತ. ಎಲ್ಲೋ ಶೀಶೆ ಬದಲಾಯಿಸಿದೀಯ ಕಣಯ್ಯಾ."

ನಾನು ಆ ಮನುಷ್ಯನ ಹೆಸರಿನಲ್ಲಿ ಕೊಟ್ಟ ಮೊದಲನೆಯ ನಿಜ ಅದು. ಅದನ್ನೇ ಅವರು ಸುಳ್ಳೆಂದು ಹಿಡಿದರು. ಇದಲ್ಲ ಸಾರ್, ಇದಕ್ಕೆ ಮುಂಚಿನವೆಲ್ಲ ಬದಲಾದವು ಎಂದು ಹೇಳಿದ್ದರೆ ಸಾಕಿತ್ತು. ಬಾಯಿ ತೆರೆದೆ. ಅವರು ಕಾಯುತ್ತಿದ್ದರು.

"ಹೌದು ಸಾರ್, ಬದಲಾಗಿರ್ಬೇಕು" ಎಂದೆ.

"ಹುಷಾರಪ್ಪಾ. ಒಬ್ರ ಜೀವದ ಪ್ರಶ್ನೆ" ಎಂದು ರಿಪೋರ್ಟು ಹರಿದು ಬುಟ್ಟಿಗೆ ಹಾಕಿದರು. ಊದುವ ಮಾತು ಅಲ್ಲಿಗೆ ಮುಗಿಯಿತು.

ಮದುವೆ ಹಲಸೂರಿನ ಛತ್ರದಲ್ಲಿ. ನನಗೆ ಮನೆಯವನ ಮರ್ಯಾದೆ. ಮೇಷ್ಟ್ರ ಪಕ್ಕದಲ್ಲೇ ಕುರ್ಚಿ. ಹೊಸ ಕೋಟನ್ನು ಅವರ ಅಣ್ಣನ ಮಗ ಬಾಬು ಹಾಕಿಕೊಂಡು ಬ್ಯಾಂಡಿನ ಮುಂದೆ ನಿಂತಿದ್ದ. ತೋಳು ಉದ್ದವಾಗಿ ಬೆರಳಿನ ತುದಿ ಮಾತ್ರ ಕಾಣುತ್ತಿತ್ತು. ಶೈಲಾ ಬಾಗಿಲಿನಿಂದ ಬಂದಳು. ಬಾಬು ಊದಿದ. ಮೇಲಿನ ಸ್ವರಕ್ಕೆ ಹೋಗುವಾಗ ಸ್ವರ ಒಡೆಯಿತು, ಗಂಡಿನ ಕಡೆಯ ಹುಡುಗರು ನಕ್ಕರು. ನಾನು ಮೇಷ್ಟ್ರ ಕಡೆ ನೋಡಿದೆ. ಅವರ ಬಲಗೈ ಮಂಡಿಯ ಮೇಲಿತ್ತು. ಬೆರಳುಗಳು ಒಂದೊಂದಾಗಿ ಮಂಡಿಯನ್ನು ಒತ್ತುತ್ತಿದ್ದವು, ಟ್ರಂಪೆಟ್ಟಿನ ಗುಂಡಿಗಳನ್ನು ಒತ್ತುವ ಹಾಗೆ. ಬಾಯಿ ಮುಚ್ಚಿತ್ತು, ಕೆನ್ನೆ ಎರಡೂ ಉಬ್ಬಿದ್ದವು. ಮಗಳು ಸ್ಟೇಜ್ ಮುಟ್ಟುವ ತನಕ ಹಾಗೇ ಹಿಡಿದುಕೊಂಡು, ಆಮೇಲೆ ಮೂಗಿನಿಂದ ಮೆಲ್ಲಗೆ ಉಸಿರು ಬಿಟ್ಟರು. ಊಟಕ್ಕೆ ನಮ್ಮಿಬ್ಬರಿಗೂ ಒಂದು ಮೂಲೆಯಲ್ಲಿ ಉಪ್ಪಿಲ್ಲದ ಎಲೆ ಹಾಕಿದ್ದರು.

ಅದಾದ ಮೇಲೆ ನನಗೆ ಒಂದು ಉಪಾಯ ಹೊಳೆಯಿತು. ರಕ್ತ ಹೆಪ್ಪುಗಟ್ಟಿದ ಮೇಲೆ ಮೇಲುಗಡೆ ನಿಲ್ಲುವ ತಿಳಿಯಲ್ಲೇ ಪರೀಕ್ಷೆ ಮಾಡುವುದು. ಹಾಲಿಗೆ ನೀರು ಬೆರೆಸುವವರ ಹಾಗೆ ನನ್ನ ತಿಳಿಗೆ ಅವರ ತಿಳಿಯನ್ನು ಬೆರೆಸಿದೆ. ಮೊದಲು ಸ್ವಲ್ಪ, ತಿಂಗಳು ಕಳೆದಂತೆ ಇನ್ನಷ್ಟು, ಕೊನೆಗೆ ಪೂರ್ತಿ ಅವರದ್ದೇ. ಡಾಕ್ಟರು ಗುಳಿಗೆ ಹಿಡಿಯಿತೆಂದು ಹಿಗ್ಗಿ, ಬೇರೆ ಡಾಕ್ಟರುಗಳಿಗೆ ಫೋನು ಮಾಡಿ ಹೇಳಿದರು. ಗುಳಿಗೆ ನಿಂತವು, ಮೇಷ್ಟ್ರ ತಲೆಸುತ್ತು ನಿಂತಿತು, ಊದಬಹುದು ಎಂದೂ ಹೇಳಿದರು. ಈ ಉಪಾಯ ಮದುವೆಗೆ ಮುಂಚೆ ಹೊಳೆದಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಅದೂ ಸುಳ್ಳೇ — ಇದಕ್ಕಿಂತ ಸುಲಭವಾದ ಉಪಾಯ ಮೊದಲ ದಿನದಿಂದಲೂ ಗೊತ್ತಿತ್ತು.

ಟ್ರಂಪೆಟ್ಟು ಅಟ್ಟದಿಂದ ಇಳಿಯಿತು. ಆದರೆ ಊದುವವರ ತುಟಿ ದಿನಾ ಊದಿದರೆ ಮಾತ್ರ ನಿಲ್ಲುತ್ತದಂತೆ. ಮೇಷ್ಟ್ರು ಕೆಲವು ದಿನ ಪ್ರಯತ್ನಪಟ್ಟರು. ಗಾಳಿ ಬಂತು, ಸ್ವರ ಬರಲಿಲ್ಲ. "ತುಟಿ ಹೋಯ್ತು" ಎಂದು ಒರೆಸಿ ಬಾಬುವಿಗೆ ಕೊಟ್ಟುಬಿಟ್ಟರು.

ನಾನು ಆ ಕ್ಲಿನಿಕ್ಕು ಬಿಟ್ಟೆ. ಬೇರೆ ಆಸ್ಪತ್ರೆಗೆ ಹೋಗಿ ನನ್ನ ಹೆಸರು ಬರೆಸಿ, ನನ್ನ ತೋಳು ಚಾಚಿದೆ. ಅಲ್ಲಿನ ಡಾಕ್ಟರು ಎಲ್ಲ ನೋಡಿ, ಇಷ್ಟು ಚಿಕ್ಕ ವಯಸ್ಸಿಗೇ ಇಷ್ಟು ಬೇಗ ಕಂಡುಹಿಡಿದು ಪಥ್ಯ ಮಾಡಿಸಿದವರು ಯಾರೆಂದು ಕೇಳಿದರು. ಇವತ್ತಿಗೂ ನನ್ನ ಕಿಡ್ನಿ ಕುಂಟುತ್ತ ಕೆಲಸ ಮಾಡುತ್ತಿದೆ. ಮೇಷ್ಟ್ರು ಮಾತ್ರ ಮದುವೆ ಮುಂಜಿಗಳಲ್ಲಿ ನನ್ನನ್ನು ಎಳೆದು ಮುಂದೆ ನಿಲ್ಲಿಸಿ, "ನನ್ನ ಪ್ರಾಣ ಉಳಿಸಿದ ಹುಡುಗ" ಎಂದು ಪರಿಚಯಿಸುತ್ತಿದ್ದರು. ಉಪ್ಪು ಬಿಟ್ಟ ಮೇಷ್ಟ್ರು ಅದನ್ನು ಮತ್ತೆ ಮುಟ್ಟಿರಲಿಲ್ಲ — ಕಾಯಿಲೆ ತಿರುಗಿ ಬಂದರೆ ಎಂಬ ಭಯ. ವರ್ಷಗಳು ಹೀಗೇ ಹೋದವು. ಹಾಗೇ ಹೋಗುತ್ತಿದ್ದವೋ ಏನೋ.

ಮೊನ್ನೆ ಶೈಲಾ ಮಗಳನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ನೋಡಲು ಹೋದೆ. ಆ ಪುಟ್ಟ ಮಗು ಬಾಯಿಗೆ ಇಟ್ಟ ಅನ್ನವನ್ನು ಥೂ ಎಂದು ಉಗುಳುತ್ತಿತ್ತು. ಮೇಷ್ಟ್ರು ಮತ್ತೆ ಮತ್ತೆ ಇಡುತ್ತಿದ್ದರು. "ಉಪ್ಪು ಹಾಕಂಗಿಲ್ಲ ಕಣೋ ವೀರೇಶ" ಎಂದರು. "ಕಿಡ್ನಿ ಕಾಯಿಲೆ ನಮ್ಮ ವಂಶದಲ್ಲಿದೆ. ಈಗಿಂದಾನೇ ಅಭ್ಯಾಸ ಆಗ್ಲಿ."

ನನ್ನ ಬಚ್ಚಲಿನ ಸುಳ್ಳು ಆ ಮಗುವಿನ ತಟ್ಟೆಯವರೆಗೆ ಬಂದು ಕೂತಿತ್ತು.

ಕಳೆದ ಭಾನುವಾರ ಹೋಗಿ ಹೇಳಿದೆ. ಚಿತ್ರಾನ್ನದಿಂದ ಹಿಡಿದು ಎಲ್ಲವನ್ನೂ. ಸಿಂಕಿನ ವಿಷಯವನ್ನೂ ಬಿಡಲಿಲ್ಲ. ಮಧ್ಯೆ ಟಿನ್ ಫ್ಯಾಕ್ಟರಿಯ ಕತೆ ಬಂದಾಗ ಜಯಮ್ಮನಿಗೆ ತಡೆಯಲಾರದೆ ನಗು ಬಂತು, ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಾಗೇ ಕೂತರು. ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು. ಬೈಯುತ್ತಾರೆ, ಎದ್ದು ಹೊಡೆಯುತ್ತಾರೆ ಎಂದುಕೊಂಡಿದ್ದೆ. ಅವರು ಒಂದೇ ಒಂದು ಮಾತು ಕೇಳಿದರು.

"ಹಂಗಾದ್ರೆ... ಶೈಲಾ ಮದ್ವೇಲಿ ನಾನು ಊದಬಹುದಿತ್ತಾ?"

"ಊದಬಹುದಿತ್ತು ಮೇಷ್ಟ್ರೇ."

ನಾನು ಕ್ಷಮಿಸಿ ಎನ್ನಲಿಲ್ಲ. ಅವರ ಆ ಪ್ರಶ್ನೆಯ ಎದುರು ಆ ಮಾತನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ.

ಜಯಮ್ಮ ಎದ್ದು ಅಡುಗೆಮನೆಗೆ ಹೋದರು. ಸ್ವಲ್ಪ ಹೊತ್ತಿಗೆ ಒಗ್ಗರಣೆಯ ವಾಸನೆ ಬಂತು. ಚಿತ್ರಾನ್ನ ತಂದು ಮೇಷ್ಟ್ರ ಮುಂದಿಟ್ಟರು. ಇನ್ನೊಂದು ತಟ್ಟೆಯನ್ನು ನನ್ನ ಮುಂದೆ, ಸ್ವಲ್ಪ ಜೋರಾಗಿಯೇ ಇಟ್ಟರು.

"ನಿಂಗೆ ಬೇರೆ ಮಾಡಿದೀನಿ" ಎಂದರು.

ಬಾಯಿಗಿಟ್ಟೆ. ಉಪ್ಪಿರಲಿಲ್ಲ. ಮೇಷ್ಟ್ರು ಮೊದಲ ತುತ್ತಿಗೆ ಮುಖ ಕಿವುಚಿದರು — ಅಷ್ಟು ವರ್ಷದ ಮೇಲೆ ಉಪ್ಪು ನಾಲಿಗೆ ಸುಟ್ಟಿರಬೇಕು, ಕಣ್ಣಲ್ಲಿ ನೀರು ಬಂತು. ಆದರೆ ತಟ್ಟೆ ಪೂರ್ತಿ ಖಾಲಿ ಮಾಡಿದರು. ಹೊರಡುವಾಗ ಬರ್ತೀನಿ ಎಂದೆ. ಮೇಷ್ಟ್ರು ತಲೆ ಎತ್ತದೆ, "ಗೇಟ್ ಹಾಕ್ಕೊಂಡು ಹೋಗು" ಎಂದರು.

ಹಾಕಿಕೊಂಡು ಬಂದೆ. ನಾಳೆ ವರದರಾಜು ಡಾಕ್ಟರ ಹತ್ತಿರ ಹೋಗಬೇಕು. ಅವರ ಹೆಮ್ಮೆಯ ರೋಗಿ ಯಾರೆಂದು ಅವರಿಗೂ ಹೇಳಬೇಕು. ಭಾನುವಾರ ಮತ್ತೆ ಕೆ.ಆರ್. ಪುರಕ್ಕೆ ಹೋಗುತ್ತೇನೆ. ಗೇಟು ತೆರೆಯದಿದ್ದರೆ ಹೊರಗೇ ನಿಂತಿದ್ದು ಬರುತ್ತೇನೆ.